ಅಪ್‌ಡೇಟ್: ಸ್ಟೀಲ್ ಫಲಕದ ಮೇಲೆ ಕಪ್ಪು ಗುರುತು ಮೂಡಿತು

ಬೀದರಿನ ನಮ್ಮ ಪಂಪ್ ದುರಸ್ತಿ ಅಂಗಡಿಗೆ ಸ್ಟೇನ್‌ಲೆಸ್ ಸ್ಟೀಲ್ ಫಲಕಗಳ ಮೇಲೆ ಅಳಿಯದ ಕ್ರಮಸಂಖ್ಯೆ ಬೇಕು, ಮರ ಕೆತ್ತುವ ಕಾರ್ಬನ್ ಡೈಆಕ್ಸೈಡ್ ಲೇಸರ್ ಸಾಕೇ ಎಂದು ಕೇಳಿದ್ದೆ. ಸಾಲದು, ಫೈಬರ್ ಲೇಸರ್ (ಗಾಜಿನ ಎಳೆಯೊಳಗೆ ಕಿರಣ ಹುಟ್ಟಿಸುವ ಯಂತ್ರ) ಹುಡುಕಿ ಎಂದವರಿಗೆಲ್ಲ ಮನಸಾರೆ ಕೃತಜ್ಞತೆಗಳು. ಕೆಲಸ ಆಗಿದೆ.

ಕಾರಣವೂ ಈಗ ಸ್ಪಷ್ಟವಾಗಿದೆ. ಕಾರ್ಬನ್ ಡೈಆಕ್ಸೈಡ್ ಲೇಸರ್‌ನ 10.6 ಮೈಕ್ರೋಮೀಟರ್ ತರಂಗವನ್ನು ಬರಿಯ ಲೋಹ ಬಹುಪಾಲು ಹಿಂದಕ್ಕೆ ಚಿಮ್ಮಿಸುತ್ತದೆ. ಫೈಬರ್ ಲೇಸರ್‌ನ 1064 ನ್ಯಾನೋಮೀಟರ್ ತರಂಗವನ್ನು ಹೆಚ್ಚು ಹೀರಿಕೊಳ್ಳುತ್ತದೆ.

ನನಗೆ ತುಂಬಾ ಹಿಡಿಸಿದ್ದು ಅನೀಲಿಂಗ್ ವಿಧಾನ. ಕಿರಣದ ನಾಭಿಯನ್ನು (ಫೋಕಸ್) ತುಸು ಸರಿಸಿ, ನಿಧಾನವಾಗಿ ಓಡಿಸಿದರೆ ಲೋಹ ಕರಗುವುದಿಲ್ಲ, ಕಾಯುತ್ತದೆ ಅಷ್ಟೆ. ಆ ಕಾವಿಗೆ ಆಕ್ಸೈಡ್ ಪದರ ಬೆಳೆದು ಅಕ್ಷರ ಕಪ್ಪಾಗುತ್ತದೆ. ಬೆರಳಾಡಿಸಿದರೆ ನುಣುಪು, ಕೊಳೆ ಕೂರಲು ತಗ್ಗೇ ಇಲ್ಲ. ಆದರೆ ಕಾವು ಮಿತಿ ಮೀರಿದರೆ ತುಕ್ಕು ತಡೆಯುವ ಕ್ರೋಮಿಯಂ ಆಕ್ಸೈಡ್ ಪದರವೇ ಹಾಳಾಗುತ್ತದೆ. ಮಾದರಿ ತುಂಡುಗಳನ್ನು ಉಪ್ಪುನೀರಿನ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿದೆವು: ಹೆಚ್ಚು ಸುಟ್ಟವುಗಳ ಅಂಚಿನಲ್ಲಿ ಕಂದು ಕಲೆ ಬಂತು, ಹದವಾಗಿ ಕಾದವು ಹಾಗೆಯೇ ಉಳಿದವು. ನೀರಲ್ಲಿ ನೆನೆಯುವ ವಸ್ತುವಿಗೆ ಈ ಪರೀಕ್ಷೆ ಮಾಡದೆ ಆರ್ಡರ್ ಕೊಡಬೇಡಿ.

ಬಿದರಿ ಪಾತ್ರೆಗೂ ಆಗುತ್ತದೆಯೇ ಎಂದು ಒಬ್ಬರು ಕೇಳಿದ್ದರು. ಅದು ಬಹುಪಾಲು ಸತು, ತುಸು ತಾಮ್ರ ಬೆರೆತ ಮಿಶ್ರಲೋಹ. ಸ್ಟೀಲ್‌ನ ಅನೀಲಿಂಗ್ ಅಲ್ಲಿ ನಡೆಯುವುದಿಲ್ಲ. ಅದಕ್ಕೆ ಬೀದರ್ ಕೋಟೆಯ ಮಣ್ಣಿನಿಂದ ಬರುವ ಕಪ್ಪೇ ಚೆಂದ, ಬೆಳ್ಳಿಯ ಕುಸುರಿ ಕುಶಲಕರ್ಮಿಗಳ ಕೈಯಲ್ಲೇ ಇರಲಿ.

ಇನ್ನೊಂದು ಮಾತು: ಫೈಬರ್ ಲೇಸರ್‌ನ ಕಿರಣ ಕಣ್ಣಿಗೆ ಕಾಣದು, ಆದರೆ ಅಕ್ಷಿಪಟವನ್ನು ಸುಡಬಲ್ಲದು. 1064 ನ್ಯಾನೋಮೀಟರ್‌ಗೆಂದೇ ತಯಾರಾದ ಕನ್ನಡಕವಿಲ್ಲದೆ ತೆರೆದ ಯಂತ್ರದ ಬಳಿ ನಿಲ್ಲಬೇಡಿ.