‘ಉದ್ಯೋಗದಾತ’ ಬೇಡ, ‘ಮಾಲಕ’ ನಡೆಯುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ನಮ್ಮ ಕ್ರೈಸ್ತ ಸಭೆಗಾಗಿ ನಾಲ್ಕು ಪುಟದ ಒಂದು ಬೈಬಲ್ ಪಾಠ ಬರೆಯುತ್ತಿದ್ದೇನೆ. ಅಂಗಡಿ, ಗ್ಯಾರೇಜು ನಡೆಸುವವರೂ ಅಲ್ಲಿ ದುಡಿಯುವವರೂ ಒಟ್ಟಿಗೆ ಕೂತು ಓದಬೇಕು. ಪೌಲ ಕೊಲೊಸ್ಸೆಯವರಿಗೆ ಬರೆದ ಪತ್ರದ 4ನೇ ಅಧ್ಯಾಯದ ಮೊದಲ ವಚನದಲ್ಲೇ ಸಿಕ್ಕಿಬಿದ್ದೆ. ಕೈಕೆಳಗಿನವರಿಗೆ ನ್ಯಾಯವಾದದ್ದನ್ನೂ ಸಮವಾದದ್ದನ್ನೂ ಕೊಡಿ, ನಿಮಗೂ ಮೇಲೊಬ್ಬನಿದ್ದಾನೆ ಎಂಬುದು ಅದರ ತಾತ್ಪರ್ಯ. ಮೂಲದ ಗ್ರೀಕಿನಲ್ಲಿ ಇಲ್ಲಿ ದುಡಿಸುವವನಿಗೂ ಮೇಲೆ ಪರಲೋಕದಲ್ಲಿರುವವನಿಗೂ ಒಂದೇ ಪದ, ‘ಕುರಿಯೋಸ್’. ಮಾತಿನ ಪೆಟ್ಟು ಇರುವುದೇ ಅಲ್ಲಿ.

ಆ ಪದಕ್ಕೆ ಕನ್ನಡದಲ್ಲಿ ಮೊದಲು ‘ಉದ್ಯೋಗದಾತ’ ಎಂದು ಬರೆದೆ. ಪರಲೋಕದಲ್ಲಿ ಉದ್ಯೋಗದಾತ! ಓದಿದವರು ನಕ್ಕರು. ನಗು ಬಿಡಿ, ಆ ‘ದಾತ’ನೇ ನನಗೆ ಹಿಡಿಸಲಿಲ್ಲ. ಕೆಲಸ ಕೊಟ್ಟವನು ದಾನ ಮಾಡಿದ ಹಾಗೆ ಕೇಳುತ್ತದೆ. ಧರ್ಮೋಪದೇಶಕಾಂಡವೋ (24:15) ಬಡವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡು ಅನ್ನುತ್ತದೆ. ಹಿಡಿದಿಟ್ಟ ಕೂಲಿ ತಾನೇ ಕೂಗುತ್ತದೆ ಅನ್ನುತ್ತಾನೆ ಯಾಕೋಬ (5:4). ಇದರಲ್ಲಿ ದಾನ ಎಲ್ಲಿ ಬಂತು?

‘ಯಜಮಾನ’ ಅಂದರೆ ಮನೆಯ ಹಿರಿಯ, ಇಲ್ಲವೇ ಗಂಡ. ‘ಒಡೆಯ’ ದೇವರಿಗೆ ಒಪ್ಪುತ್ತದೆ, ಗ್ಯಾರೇಜಿನವನಿಗೆ ಒಪ್ಪುವುದಿಲ್ಲ. ‘ಧಣಿ’ಯನ್ನು ಸಿನೆಮಾದವರು ಕೆಡಿಸಿಬಿಟ್ಟಿದ್ದಾರೆ.

ಮೊನ್ನೆ ಶನಿವಾರ ಸಂಜೆ, ನಮ್ಮ ಓಣಿಯಲ್ಲಿ ಕಟ್ಟುತ್ತಿರುವ ಮನೆಯ ಮುಂದೆ ಗೌಂಡಿಯೊಬ್ಬ ಕೈಕಾಲು ತೊಳೆದು ಕೂತಿದ್ದ. ಯಾಕಪ್ಪಾ ಇನ್ನೂ ಇಲ್ಲೇ ಅಂದೆ. “ಮಾಲಕರು ಇನ್ನಾ ಬಟವಡಿ ಮಾಡಿಲ್ರೀ” ಅಂದ. ಬೇಕಾದ ಎರಡೂ ಪದ, ‘ಮಾಲಕ’ ಮತ್ತು ಕೂಲಿ ಕೊಡುವುದಕ್ಕೆ ‘ಬಟವಡೆ’, ಒಂದೇ ಉಸಿರಿನಲ್ಲಿ ಸಿಕ್ಕವು. “ನಿನಗೂ ಮ್ಯಾಲ ಒಬ್ಬ ಮಾಲಕ ಅದಾನ” ಅಂದರೆ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಒಂದೇ ಅನುಮಾನ: ಮಾಲಕ ಎಂದರೆ ವಸ್ತುವಿನ ಒಡೆತನದವನು. ಮನೆಗೆ, ಗಿರಣಿಗೆ, ಲಾರಿಗೆ ಮಾಲಕನಿರುತ್ತಾನೆ. ಮನುಷ್ಯನಿಗೂ ಇರಬಹುದೇ?

ಆದರೆ ಪೌಲನ ಕಾಲದಲ್ಲಿ ಇದ್ದದ್ದೂ ಅದೇ. ಆತ ಬರೆದ ‘ದೂಲೊಸ್’ ಪಗಾರದವನಲ್ಲ, ಗುಲಾಮ. ಕ್ರೈಸ್ತ ಮತಪ್ರಚಾರಕರಾದ ಬಾಸೆಲ್ ಮಿಶನ್ನಿನವರು ಹುಬ್ಬಳ್ಳಿಗೆ ಬಂದದ್ದು 1839ರಲ್ಲಿ; ಈಗ ಕನ್ನಡ ಬೈಬಲಿನಲ್ಲಿ ಆ ಪದಕ್ಕಿರುವ ‘ದಾಸ’ನನ್ನು ಕದಲಿಸಿದರೆ ನಮ್ಮ ಹಿರಿಯರು ಸುಮ್ಮನಿರುವುದಿಲ್ಲ. ಆದರೆ ಕನಕದಾಸರು ಹುಟ್ಟಿದ ಹಾವೇರಿ ಜಿಲ್ಲೆಯ ಬಾಡ ಇಲ್ಲಿಂದ ಎಷ್ಟು ದೂರ? ದಾಸ ಅಂದೊಡನೆ ನಮಗೆ ಅವರೇ ನೆನಪಾಗುತ್ತಾರೆ, ಸಂತೆಯಲ್ಲಿ ಮಾರಿದ ಮನುಷ್ಯನಲ್ಲ. ‘ನೌಕರ’ ಅಂದರೆ ಇನ್ನೂ ಮೋಸ, ಗುಲಾಮಗಿರಿಯೇ ಮುಚ್ಚಿಹೋಗುತ್ತದೆ. ಹಾಗಾಗಿ ವಚನದಲ್ಲಿ ‘ಗುಲಾಮ’, ವಿವರಣೆಯಲ್ಲಿ ‘ಪಗಾರದವರು’ ಎಂದು ಇಟ್ಟಿದ್ದೇನೆ. (‘ಕಾಯಕ’ವನ್ನು ಯಾರೂ ಸೂಚಿಸಬೇಡಿ. ಅದು ದುಡಿಮೆಯ ಹೆಸರು, ಇಬ್ಬರ ನಡುವಿನ ನಂಟಿನದಲ್ಲ.)

ಮತ್ತಾಯ 20ರ ದ್ರಾಕ್ಷಿತೋಟದ ಕಥೆಗೆ ಮಾತ್ರ ಕಷ್ಟವಾಗಲಿಲ್ಲ. ಸಂಜೆ ತೋಟದವನು ಪಾರುಪತ್ಯಗಾರನಿಗೆ ಹೇಳುತ್ತಾನೆ: ಕಡೆಗೆ ಬಂದವರಿಂದ ಶುರುಮಾಡಿ ಬಟವಡೆ ಮಾಡು. ಬೆಳಗಿನಿಂದ ದುಡಿದರೂ ಕಡೆಗೆ ಬಂದವರಷ್ಟೇ ಕೂಲಿ ಸಿಕ್ಕಿತೆಂದು ಗೊಣಗಿದವನನ್ನು ಆತ ‘ಗೆಳೆಯಾ’ ಎಂದೇ ಕರೆಯುತ್ತಾನೆ, ಅದನ್ನೂ ಹಾಗೇ ಬಿಟ್ಟೆ.

ಮೈಸೂರು, ಮಂಗಳೂರು ಕಡೆಯವರು ಹೇಳಿ: ‘ಬಟವಡೆ’ ನಿಮಗೆ ಕೂಲಿ ಕೊಡುವುದು ಅಂತಲೇ ಕೇಳುತ್ತದೆಯೇ, ಬರಿಯ ಹಂಚಿಕೆ ಅಂತಲೇ? ‘ಮಾಲಕ’ಕ್ಕೆ ನಿಮ್ಮಲ್ಲಿ ‘ಮಾಲೀಕ’ ಎಂದು ತಿದ್ದಿದರೆ ಆ ಹತ್ತಿರದ ದನಿ ಉಳಿಯುತ್ತದೆಯೇ?