ಪದಚರ್ಚೆ: ವಾಲಿಬಾಲ್ ಲೀಗಿನ ‘ಸೀಸನ್’ಗೆ ಏನೆನ್ನಬೇಕು? (ತುರ್ತು)

ಉಡುಪಿಯಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಸುತ್ತಲಿನ ಊರುಗಳ ಪುರುಷರ ಕ್ಲಬ್‌ಗಳು ಸೇರಿ ವಾಲಿಬಾಲ್ ಲೀಗ್ ನಡೆಸುತ್ತಿವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ, ವಾರಕ್ಕೊಂದು ಊರಿನಲ್ಲಿ, ಹೊನಲು ಬೆಳಕಿನಲ್ಲಿ ಪಂದ್ಯ. ಬ್ಯಾನರ್ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ‘ಸೀಸನ್ 2’ ಎಂದು ಬರೆಯಲು ಮನಸ್ಸಿಲ್ಲ. ‘ಪಂದ್ಯಾಟ’ ಎಂದರೆ ಒಂದೇ ರಾತ್ರಿಯಲ್ಲಿ ಮುಗಿಯುವ ನಾಕೌಟ್ ಎಂದು ಇಲ್ಲಿಯವರು ತಿಳಿಯುತ್ತಾರೆ. ಯಾವ ಪದ ಹಾಕಲಿ?

ಬೆಂಗಳೂರಿನಿಂದ:
‘ಎರಡನೇ ಆವೃತ್ತಿ’. ಪ್ರೈಮ್ ವಾಲಿಬಾಲ್ ಲೀಗ್ 2022ರಲ್ಲಿ ಆರಂಭವಾಯಿತು, ಪತ್ರಿಕೆಗಳು ಹೀಗೆಯೇ ಬರೆಯುತ್ತವೆ. ಚರ್ಚಿಸುವುದೇನಿದೆ?

ಮೈಸೂರಿನಿಂದ:
ಇದೆ. ಆವೃತ್ತಿ ಎಂದರೆ ಮರಳಿ ಬರುವುದು. ಎಷ್ಟನೆಯ ಸಲ ಎಂದು ಹೇಳುತ್ತದೆ, ಎಷ್ಟು ಕಾಲ ಎಂದಲ್ಲ. 2024ರ ಪ್ರೈಮ್ ಲೀಗ್ ಪಂದ್ಯಗಳೆಲ್ಲ ಚೆನ್ನೈನಲ್ಲೇ ಕೆಲವು ವಾರಗಳಲ್ಲಿ ಮುಗಿದವು, ಅಂಥದ್ದಕ್ಕೆ ಆವೃತ್ತಿ ಸಾಕು. ತಿಂಗಳುಗಟ್ಟಲೆ ಆಡುವುದಕ್ಕೆ ‘ಋತು’ ಸರಿ. ರಣಜಿ ವರದಿಗಳಲ್ಲಿ ರೂಢಿಯಲ್ಲಿದೆ.

ಧಾರವಾಡದಿಂದ:
ಋತು ಎರಡು ತಿಂಗಳದ್ದು. ನವೆಂಬರ್‌ನಿಂದ ಮಾರ್ಚ್ ಎಂದರೆ ಹೇಮಂತ, ಶಿಶಿರ ಎರಡನ್ನೂ ದಾಟಿತು. ಕನ್ನಡದ ರೈತ ದಿನವೂ ಆಡುವ ಪದ ‘ಹಂಗಾಮು’: ಮುಂಗಾರು ಹಂಗಾಮು, ಹಿಂಗಾರು ಹಂಗಾಮು, ಕಬ್ಬು ಅರೆಯುವ ಹಂಗಾಮು. ‘ಸೀಸನ್’ ಪದದ ಲ್ಯಾಟಿನ್ ಮೂಲಕ್ಕೂ ಬಿತ್ತನೆ ಎಂಬ ಅರ್ಥವೇ ಇದೆ. ಇದಕ್ಕಿಂತ ಹತ್ತಿರದ ಪದ ಸಿಗದು.

ಬೆಂಗಳೂರಿನಿಂದ:
ಹಂಗಾಮು ಪಾರಸಿ. ಇಂಗ್ಲಿಷ್ ಬಿಟ್ಟು ಪಾರಸಿ ಹಿಡಿದರೆ ಕನ್ನಡಕ್ಕೇನು ಲಾಭ? ಅಲ್ಲದೆ ‘ಹಂಗಾಮಿ ಅಧ್ಯಕ್ಷ’ರನ್ನು ಕಂಡ ಜನ ಇದನ್ನು ತಾತ್ಕಾಲಿಕ ಲೀಗ್ ಎಂದುಕೊಳ್ಳುತ್ತಾರೆ. ಅಚ್ಚಗನ್ನಡವೇ ಬೇಕಿದ್ದರೆ ‘ಸುಗ್ಗಿ’ ಎನ್ನಿ.

ಧಾರವಾಡದಿಂದ:
ಜಮೀನು ಪಾರಸಿ, ರೈತ ಅರಬ್ಬಿ. ಇಬ್ಬರನ್ನೂ ಹೊರಗೆ ಹಾಕಿದ ಮೇಲೆ ಸುಗ್ಗಿ ಮಾಡುವವರು ಯಾರು? ಪದದ ಕುಲ ಕೇಳುವ ಈ ಚಾಳಿಯಿಂದಲೇ ನಮ್ಮ ಹೊಸ ಪದಗಳು ನಿಘಂಟಿನಲ್ಲಿ ಕೊಳೆಯುತ್ತಿವೆ.

ಪುತ್ತೂರಿನಿಂದ:
ಕೇಳಿದವರು ಉಡುಪಿಯವರು. ಅವರ ಅಂಗಳದಲ್ಲೇ ಇರುವ ಪದವನ್ನು ಯಾರೂ ನೋಡಲಿಲ್ಲ: ‘ತಿರುಗಾಟ’. ಕಟೀಲು, ಧರ್ಮಸ್ಥಳ, ಮಂದಾರ್ತಿಯ ಯಕ್ಷಗಾನ ಮೇಳಗಳು ದೀಪಾವಳಿ ಕಳೆದ ಮೇಲೆ ಹೊರಟು, ಊರೂರು ಸುತ್ತಿ, ಮೇ ಕೊನೆಗೆ ಬರುವ ತುಳುನಾಡಿನ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಈ ಅವಧಿ ಪೂರ್ತಿ ಒಂದು ತಿರುಗಾಟ. ‘ಈ ವರ್ಷದ ತಿರುಗಾಟ ಯಾವ ಮೇಳದಲ್ಲಿ?’ ಎಂದು ಕಲಾವಿದರನ್ನು ಕೇಳುತ್ತೇವೆ. ನಿಮ್ಮ ಆಟಗಾರರಿಗೂ ಇದೇ ಪ್ರಶ್ನೆ ಅಲ್ಲವೇ? ಕಾಲ, ಊರಿಂದೂರಿಗೆ ಹೋಗುವುದು, ತಂಡಕ್ಕೆ ಕಟ್ಟುಬಿದ್ದಿರುವುದು, ಮೂರೂ ಒಂದೇ ಪದದಲ್ಲಿ ಬಂದವು. ಮೇಲಾಗಿ ಅದರೊಳಗೆ ‘ಆಟ’ವೂ ಕೇಳಿಸುತ್ತದೆ.

ಮೈಸೂರಿನಿಂದ:
‘ಆಟ’ ಅಲ್ಲಿ ಬರೀ ಪ್ರತ್ಯಯ, ಓಡಾಟ, ಕೂಗಾಟದಲ್ಲಿ ಇರುವಂತೆ. ನಮ್ಮಲ್ಲಿ ತಿರುಗಾಟ ಎಂದರೆ ಕೆಲಸವಿಲ್ಲದೆ ಅಲೆಯುವುದು. ಒಂದು ಸೀಮೆಯ ಅರ್ಥವನ್ನು ನಾಡಿಗೆಲ್ಲ ಹೊರಿಸಬೇಡಿ.

ಪುತ್ತೂರಿನಿಂದ:
ಬ್ಯಾನರ್ ಕಟ್ಟುವುದು ಉಡುಪಿಯಲ್ಲಿ. ಇನ್ನು ಅರ್ಥದ ಮಾತು: ಮನೆಯ ಎರಡು ಕಂಬಗಳ ನಡುವಿನ ಜಾಗಕ್ಕೆ ಇದ್ದ ‘ಅಂಕಣ’ವನ್ನು 18 ಮೀಟರ್ ಉದ್ದದ ವಾಲಿಬಾಲ್ ಕೋರ್ಟಿಗೆ ಒಯ್ದೆವು, ಪತ್ರಿಕೆಯ ಪುಟಕ್ಕೂ ಒಯ್ದೆವು. ಆಗ ಯಾವ ಸೀಮೆಯವರೂ ತಡೆಯಲಿಲ್ಲ.

ಉಡುಪಿಯಿಂದ:
ಎಲ್ಲರಿಗೂ ಕೃತಜ್ಞತೆ. ಬ್ಯಾನರ್‌ಗೆ ‘ಎರಡನೇ ವರ್ಷದ ತಿರುಗಾಟ’ ಎಂದು ಕಳುಹಿಸಿದ್ದೇನೆ. ನಿಯಮಗಳ ಹಾಳೆಯಲ್ಲಿ ‘ಲಿಬೆರೊ’ (ಹಿಂದಿನ ಸಾಲಿನಲ್ಲಿ ರಕ್ಷಣೆಗೆಂದೇ ಆಡುವವ) ಹಾಗೆಯೇ ಇರುತ್ತದೆ. 1998ರಲ್ಲಿ ಆ ಸ್ಥಾನ ಬಂದಾಗ ಪದವೂ ಜೊತೆಗೇ ಬಂತು, ಆಟಗಾರರು ಬೇರೆ ಹೆಸರನ್ನು ಒಪ್ಪುವುದಿಲ್ಲ.

ಬೆಂಗಳೂರಿನಿಂದ:
ಲಿಬೆರೊ ಇಟಾಲಿಯನ್. ಒಪ್ಪುವುದಿಲ್ಲ ಎನ್ನುವ ಮೊದಲು ಅವರಿಗೆ ಕನ್ನಡದ ಒಂದು ಪದವನ್ನು ಯಾರಾದರೂ ಕೊಟ್ಟು ನೋಡಿದ್ದೀರಾ?