ಹೋಲಿಕೆ, ನಂಟು, ಎರವಲು: ಚಿಟ್ಟೆಯ ರೆಕ್ಕೆಯ ಚಿತ್ತಾರಕ್ಕೆ ಯಾವ ಪದಗಳು?

ಉಷ್ಣವಲಯದ ಚಿಟ್ಟೆಗಳ ರೆಕ್ಕೆಗಳನ್ನು ಗುಂಪು ಗುಂಪಾಗಿ ಪಕ್ಕದಲ್ಲಿಟ್ಟು, ಬಣ್ಣ ಹೋಲಿಸುವ ಬರಹವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಜೀವಶಾಸ್ತ್ರ ಓದದವರಿಗೂ ಅದು ದಕ್ಕಬೇಕು ಅನ್ನುವುದು ನನ್ನ ಆಸೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವ ಪದ ‘ಹೋಲಿಕೆ’.

ಎರಡು ಚಿಟ್ಟೆ ಒಂದೇ ಥರ ಕಂಡರೆ ‘ಹೋಲಿಕೆ ಇದೆ’ ಅನ್ನುತ್ತೇವೆ. ಒಂದೇ ಪೂರ್ವಜರಿಂದ ಬಂದ ಕಾರಣ ಹಾಗೆ ಕಂಡರೂ ಹೋಲಿಕೆ. ದೂರದ ಎರಡು ವಂಶಗಳು ಆಮೇಲೆ ಒಂದೇ ಬಣ್ಣ ತಾಳಿದರೂ ಹೋಲಿಕೆ. ಚಿಟ್ಟೆಗಳ ವಿಷಯದಲ್ಲಿ ಈ ಎರಡನ್ನು ಒಂದೇ ಪದದಲ್ಲಿ ಹೇಳಿದರೆ ಇಡೀ ಕಥೆಯೇ ತಲೆಕೆಳಗಾಗುತ್ತದೆ.

ಮಧ್ಯ ಮತ್ತು ದಕ್ಷಿಣ ಅಮೆರಿಕದ ಹೆಲಿಕೋನಿಯಸ್ ಕುಲವನ್ನೇ ನೋಡಿ. ನೀಳ ರೆಕ್ಕೆ, ಕಪ್ಪು ಬಣ್ಣ, ಅದರ ನಡುವೆ ಕೆಂಪು, ಹಳದಿ, ಬಿಳಿ. ಈ ಕುಲದಲ್ಲಿ ಎರಾಟೊ, ಮೆಲ್ಪೊಮೆನೆ ಎಂಬ ಎರಡು ಪ್ರಭೇದಗಳಿವೆ. (ಇಬ್ಬರೂ ಗ್ರೀಕರ ಕಲಾದೇವತೆಯರು. ಕುಲದ ಹೆಸರು ಬಂದದ್ದು ಆ ದೇವತೆಯರ ಹೆಲಿಕಾನ್ ಬೆಟ್ಟದಿಂದ.) ಪನಾಮದಲ್ಲಿ ನೋಡಿದರೆ ಎರಡಕ್ಕೂ ಮುಂದಿನ ರೆಕ್ಕೆಯಲ್ಲಿ ಕೆಂಪು ಪಟ್ಟೆ, ಹಿಂದಿನ ರೆಕ್ಕೆಯಲ್ಲಿ ಹಳದಿ ಪಟ್ಟೆ. ಅಮೆಜಾನ್ ಕಡೆ ಹೋದರೆ ಎರಡೂ ಒಟ್ಟಿಗೇ ಬದಲಾಗಿವೆ. ಮುಂದಿನ ರೆಕ್ಕೆಯ ಬುಡದಲ್ಲಿ ಕಿತ್ತಳೆಗೆಂಪು, ಹಿಂದಿನ ರೆಕ್ಕೆಯಲ್ಲಿ ಬುಡದಿಂದ ಅಂಚಿನ ಕಡೆಗೆ ಹರಡಿದ ಕೆಂಪು ಗೀರುಗಳು. ಒಂದು ಊರಿನ ಎರಾಟೊ ಬೇರೆ ಊರಿನ ಎರಾಟೊಗಿಂತ ತನ್ನೂರಿನ ಮೆಲ್ಪೊಮೆನೆಯಂತೆಯೇ ಕಾಣುತ್ತದೆ.

ಆದರೆ ಇವು ಹತ್ತಿರದ ಸಂಬಂಧಿಗಳಲ್ಲ. ಇವುಗಳ ವಂಶ ಕವಲೊಡೆದು ಸುಮಾರು 1 ಕೋಟಿ ವರ್ಷವಾಗಿದೆ. ಮೆಲ್ಪೊಮೆನೆಗೆ ನಿಜವಾಗಿ ಹತ್ತಿರದ್ದು ಸಿಡ್ನೊ ಎಂಬ ಚಿಟ್ಟೆ. ಅಪರೂಪಕ್ಕೆ ಕಾಡಿನಲ್ಲೇ ಇವೆರಡೂ ಕೂಡುವುದುಂಟು. ಅಷ್ಟು ಹತ್ತಿರ. ಆದರೂ ಸಿಡ್ನೊ ರೆಕ್ಕೆಯಲ್ಲಿ ಆ ಕೆಂಪು ಪಟ್ಟೆಯೇ ಇಲ್ಲ. ಕಪ್ಪಿನ ಮೇಲೆ ಬಿಳಿ ಅಥವಾ ಹಳದಿ. ಅದು ಕಾಣುವುದು ಸಫೊ ಎಂಬ ಇನ್ನೊಂದರಂತೆ. ಆ ಸಫೊ ಇರುವುದು ಎರಾಟೊ ಕವಲಿನ ಕಡೆ. ಅಂದರೆ ವಂಶ ಒಂದು ದಿಕ್ಕಿಗೆ ಜೋಡಿ ಮಾಡುತ್ತದೆ, ಬಣ್ಣ ಅಡ್ಡಡ್ಡ ಜೋಡಿ ಮಾಡುತ್ತದೆ. ಇದನ್ನು ‘ಮೆಲ್ಪೊಮೆನೆಗೂ ಸಿಡ್ನೊಗೂ ಹೋಲಿಕೆಯಿದೆ, ಮೆಲ್ಪೊಮೆನೆಗೂ ಎರಾಟೊಗೂ ಹೋಲಿಕೆಯಿದೆ’ ಅಂತ ಬರೆದರೆ ಓದುಗರಿಗೆ ಏನು ತಿಳಿಯಬೇಕು?

ನನ್ನ ಸಲಹೆ ಹೀಗಿದೆ. ಕಣ್ಣಿಗೆ ಒಂದೇ ಥರ ಕಾಣುವುದಕ್ಕೆ ಮಾತ್ರ ‘ಹೋಲಿಕೆ’. ಒಂದೇ ಮೂಲದಿಂದ ಬಂದದ್ದಕ್ಕೆ ‘ನಂಟು’. ಪಠ್ಯಗಳಲ್ಲಿ ಇದಕ್ಕೆ ‘ರಚನಾನುರೂಪಿ’ ಎಂಬ ಪದವಿದೆ. ಅದರ ಹೊಟ್ಟೆಯಲ್ಲಿ ‘ರೂಪ’ ಕೂತಿದೆ. ಆದರೆ ಇಲ್ಲಿ ರೂಪ ಪೂರ್ತಿ ಬದಲಾಗಿರಬಹುದು, ಮೂಲ ಮಾತ್ರ ಒಂದೇ. ‘ನಂಟು’ ರೂಪದ ಮಾತೇ ಎತ್ತುವುದಿಲ್ಲ. ಅಣ್ಣತಮ್ಮಂದಿರು ಒಂದೇ ಥರ ಕಾಣದಿದ್ದರೂ ನಂಟು ನಂಟೇ ಅಲ್ವಾ? ನನ್ನ ಅನುಮಾನ ಒಂದೇ. ‘ಈ ಚಿಟ್ಟೆಗೂ ಆ ಚಿಟ್ಟೆಗೂ ನಂಟು’ ಅನ್ನುವುದು ಸಲೀಸು. ‘ಈ ಪಟ್ಟೆಗೂ ಆ ಪಟ್ಟೆಗೂ ನಂಟು’ ಅಂದರೆ ನಿಮ್ಮ ಕಿವಿಗೆ ಒಪ್ಪುತ್ತದೆಯೇ?

ಪಟ್ಟೆಗಳ ಮಟ್ಟಕ್ಕೆ ಇಳಿಯಲೇಬೇಕು. ಯಾಕೆಂದರೆ ಈ ವಿಷಯದ ಜೀವಾಳ ಇರುವುದೇ ಅಲ್ಲಿ. 1924ರಲ್ಲಿ ರಷ್ಯಾದ ಶ್ವಾನ್‌ವಿಚ್, 1927ರಲ್ಲಿ ಜರ್ಮನಿಯ ಸುಫರ್ಟ್, ಇಬ್ಬರೂ ಬೇರೆ ಬೇರೆಯಾಗಿ ಒಂದೇ ಮಾತು ಕಂಡುಕೊಂಡರು. ಹೆಲಿಕೋನಿಯಸ್ ಕೂಡ ಸೇರಿರುವ ನಿಂಫಾಲಿಡೇ ಕುಟುಂಬದ ಚಿಟ್ಟೆಗಳ ರೆಕ್ಕೆ ಎಷ್ಟೇ ಬೇರೆಬೇರೆ ಕಂಡರೂ ಅವುಗಳ ಹಿಂದೆ ಒಂದೇ ನಕ್ಷೆಯಿದೆ. ಬುಡದ ಹತ್ತಿರ ಒಂದಿಷ್ಟು ಗೆರೆ. ನಡುವೆ ಒಂದಕ್ಕೊಂದು ಕನ್ನಡಿ ಹಿಡಿದಂತಿರುವ ಎರಡು ಪಟ್ಟೆ. ಅದರಾಚೆ ಕಣ್ಣಿನಂಥ ಬೊಟ್ಟುಗಳ ಸಾಲು. ಕೊನೆಗೆ ಅಂಚಿನ ಗೆರೆಗಳು. ಒಂದು ಪ್ರಭೇದದಲ್ಲಿ ಒಂದು ಗೆರೆ ಅಗಲವಾಗುತ್ತದೆ, ಇನ್ನೊಂದರಲ್ಲಿ ಸರಿದು ಹೋಗುತ್ತದೆ, ಮತ್ತೊಂದರಲ್ಲಿ ಅಳಿಸಿಯೇ ಹೋಗುತ್ತದೆ. ಒಣಗಿದ ಎಲೆಯಂತೆ ಕಾಣುವ ಕಲ್ಲಿಮಾ ಚಿಟ್ಟೆಯ ‘ಎಲೆಯ ನಡುನರ’ ಕೂಡ ಇದೇ ನಕ್ಷೆಯ ಗೆರೆಗಳು ಸರಿದು ಒಂದೇ ಸಾಲಿಗೆ ಬಂದದ್ದು. ಈ ನಕ್ಷೆಗೆ ‘ಅಡಿನಕ್ಷೆ’ ಅನ್ನೋಣವೇ? ‘ಮೂಲ ವಿನ್ಯಾಸ’ ಅಂದರೆ ಯಾವುದೋ ಒಂದು ಹಳೇ ಚಿಟ್ಟೆಯ ಮೇಲೆ ನಿಜವಾಗಿ ಇದ್ದ ಚಿತ್ರ ಅನ್ನಿಸುತ್ತದೆ. ಅಡಿನಕ್ಷೆ ಅಂದರೆ ಎಲ್ಲಕ್ಕೂ ಕೆಳಗಿರುವ ಲೆಕ್ಕ ಅನ್ನುವ ಅರ್ಥ ಬರುತ್ತದೆ. ನಡುವಿನ ಎರಡು ಪಟ್ಟೆಗೆ ‘ಜೋಡಿಪಟ್ಟೆ’ ಸಾಕು ಅನ್ನಿಸುತ್ತದೆ.

ಪ್ಯಾಟರ್ನ್‌ಗೆ ‘ಚಿತ್ತಾರ’ವನ್ನೇ ಇಟ್ಟುಕೊಂಡಿದ್ದೇನೆ. ‘ಮಾದರಿ’ಗೆ ಬೇರೆ ಕೆಲಸಗಳು ಜಾಸ್ತಿ. ‘ವಿನ್ಯಾಸ’ ಅಂದರೆ ಯಾರೋ ಕೂತು ಯೋಚಿಸಿ ಮಾಡಿದಂತೆ ಕೇಳುತ್ತದೆ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಜೋಡಿ. ರೆಕ್ಕೆಯ ತಳದ ಬಣ್ಣ ಯಾವುದು, ಅದರ ಮೇಲಿನ ಚಿತ್ತಾರ ಯಾವುದು? ಹೆಲಿಕೋನಿಯಸ್ ನೋಡಿದವರೆಲ್ಲ ‘ಕಪ್ಪು ರೆಕ್ಕೆಯ ಮೇಲೆ ಹಳದಿ ಪಟ್ಟೆ’ ಅನ್ನುತ್ತಾರೆ. ನಾನೂ ಮೇಲೆ ಸುಮ್ನೆ ರೂಢಿಯ ಮಾತಲ್ಲಿ ಹಾಗೇ ಬರೆದೆ. ಆದರೆ ಅಡಿನಕ್ಷೆಯ ಲೆಕ್ಕದಲ್ಲಿ ಇದು ಉಲ್ಟಾ. 1988ರಲ್ಲಿ ಜೀವಶಾಸ್ತ್ರಜ್ಞರಾದ ನೈಹೌಟ್ ಮತ್ತು ರೇ ಈ ಕುಲದ ರೆಕ್ಕೆಗಳನ್ನು ಹೋಲಿಸಿ ತೋರಿಸಿದ್ದು ಇದನ್ನೇ. ಚಿತ್ತಾರ ಇರುವುದು ಕಪ್ಪಿನಲ್ಲಿ. ಅಡಿನಕ್ಷೆಯ ಕಪ್ಪು ಗೆರೆಗಳು ಅಗಲವಾಗಿ, ಒಂದಕ್ಕೊಂದು ಕೂಡಿಕೊಂಡು, ರೆಕ್ಕೆಯನ್ನು ತುಂಬಿಬಿಟ್ಟಿವೆ. ಹಳದಿ, ಬಿಳಿ ಅನ್ನುವುದು ಕಪ್ಪು ಮುಚ್ಚದೆ ಬಿಟ್ಟ ಜಾಗ. ಹಾಗಾಗಿ ಎರಡು ಪ್ರಭೇದಗಳ ‘ಹಳದಿ ಪಟ್ಟೆ’ ಹೋಲಿಸುವುದು ಅಂದರೆ ಎರಡು ಖಾಲಿ ಜಾಗಗಳನ್ನು ಹೋಲಿಸಿದಂತೆ. ಹೋಲಿಸಬೇಕಾದ್ದು ಅದರ ಎರಡೂ ಕಡೆಯ ಕಪ್ಪನ್ನು.

ಈ ವ್ಯತ್ಯಾಸಕ್ಕೆ ಪದ ಹುಡುಕುತ್ತಾ ಸೀರೆಯ ಮಾತುಗಳ ಹತ್ತಿರ ಬಂದೆ. ಸೀರೆಗೆ ಅಂಚು ಇದೆ, ಸೆರಗು ಇದೆ, ಉಳಿದದ್ದು ‘ಒಡಲು’. ‘ಹಳದಿ ಒಡಲು, ಕೆಂಪು ಅಂಚು’ ಅಂದರೆ ಯಾರಿಗೂ ವಿವರಿಸಬೇಕಿಲ್ಲ. ರೆಕ್ಕೆಗೂ ‘ಒಡಲ ಬಣ್ಣ’ ಅನ್ನಬಹುದೇ? ಆಗ ‘ಹೆಲಿಕೋನಿಯಸ್ ರೆಕ್ಕೆಯ ಹಳದಿ ಒಡಲ ಬಣ್ಣ, ಕಪ್ಪು ಚಿತ್ತಾರ’ ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ‘ಹಿನ್ನೆಲೆ ಬಣ್ಣ’ ಅನ್ನುವುದು ಫೋಟೋದವರ ಮಾತು. ಚಿಟ್ಟೆ ಕೂತ ಎಲೆಯ ಬಣ್ಣ ಅಂದುಕೊಳ್ಳುವ ಅಪಾಯವಿದೆ.

ಇನ್ನೊಂದು ಗೊಂದಲ ‘ಕೋಶ’ದ್ದು. ರೆಕ್ಕೆಯ ನರಗಳ ನಡುವಿನ ಒಂದೊಂದು ಜಾಗಕ್ಕೂ ಚಿಟ್ಟೆಶಾಸ್ತ್ರದಲ್ಲಿ ಸೆಲ್ ಅನ್ನುತ್ತಾರೆ. ಅದನ್ನು ಕನ್ನಡದಲ್ಲಿ ಕೋಶ ಅಂದರೆ ಜೀವಕೋಶದ ಜೊತೆ ಬೆರೆತುಹೋಗುತ್ತದೆ. ಅದೂ ಈ ವಿಷಯದಲ್ಲಿ ಎರಡೂ ಒಂದೇ ಪುಟದಲ್ಲಿ ಬರುತ್ತವೆ. ರೆಕ್ಕೆಯನ್ನು ಹೊದ್ದಿಸಿರುವ ಪುಟ್ಟ ಹುರುಪೆಗಳಲ್ಲಿ (ಸ್ಕೇಲ್) ಒಂದೊಂದೂ ಒಂದೊಂದು ಜೀವಕೋಶ ಬೆಳೆಸಿದ್ದು. ಸಾಮಾನ್ಯವಾಗಿ ಒಂದು ಹುರುಪೆಗೆ ಒಂದೇ ಬಣ್ಣ. ಹಾಗಾಗಿ ನರಗಳ ನಡುವಿನ ಜಾಗಕ್ಕೆ ‘ಮನೆ’ ಅನ್ನೋಣ ಅಂತಿದ್ದೇನೆ, ಪಗಡೆಯ ಹಾಸಿನ ಮನೆ ಅನ್ನುವ ಅರ್ಥದಲ್ಲಿ. ‘ಒಂದು ಮನೆಗೆ ಒಂದು ಬೊಟ್ಟು’ ಅಂದರೆ ಅಡಿನಕ್ಷೆಯ ಮುಖ್ಯ ನಿಯಮವೊಂದು ತಾನಾಗಿ ಬಾಯಲ್ಲಿ ಉಳಿಯುತ್ತದೆ. ಹುರುಪೆಗೆ ‘ಶಲ್ಕ’ ಬೇಡ. ‘ಪೊರೆ’ ಹಾವಿನದ್ದು.

ಬೊಟ್ಟಿನ ವಿಷಯ. ‘ಕಣ್ಚುಕ್ಕೆ’, ‘ಕಣ್ಬೊಟ್ಟು’, ‘ಹುಸಿಗಣ್ಣು’ ಮೂರನ್ನೂ ಬರೆದು ನೋಡಿದೆ. ‘ಹುಸಿಗಣ್ಣು’ ಕೇಳಲು ಚಂದ, ಆದರೆ ಮೋಸ ಮಾಡಲೆಂದೇ ಇದೆ ಅಂತ ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ಆಫ್ರಿಕಾದ ಬೈಸಿಕ್ಲಸ್ ಅನಿನಾನ ಚಿಟ್ಟೆಗೆ ಮಳೆಗಾಲದಲ್ಲಿ ದೊಡ್ಡ ಬೊಟ್ಟುಗಳು, ಒಣಗಾಲದಲ್ಲಿ ಬರೀ ಚುಕ್ಕಿಯಷ್ಟು. ಗೂಬೆ ಚಿಟ್ಟೆ ಅನ್ನಿಸಿಕೊಳ್ಳುವ ಕ್ಯಾಲಿಗೊಗೆ ಹಿಂದಿನ ರೆಕ್ಕೆಯ ಅಡಿಮೈಯಲ್ಲಿ ಗೂಬೆಗಣ್ಣಿನಷ್ಟೇ ದಪ್ಪ ಬೊಟ್ಟು. ನೀಲಿ ಮಾರ್ಫೊ ಚಿಟ್ಟೆಯ ಕಂದು ಅಡಿಮೈಯಲ್ಲಿ ಮಧ್ಯಮ ಗಾತ್ರದ ಸಾಲು. ಒಂದು ಹೆದರಿಸಬಹುದು, ಒಂದು ಹಕ್ಕಿಯ ಕೊಕ್ಕನ್ನು ಮೈಯಿಂದ ಅಂಚಿನ ಕಡೆಗೆ ಸೆಳೆಯಬಹುದು, ಒಂದು ಕಣ್ಣಿನಂತೆ ಕಾಣದೆಯೂ ಇರಬಹುದು. ಆದರೂ ಎಲ್ಲವೂ ಅದೇ ಸಾಲಿನ ಸದಸ್ಯರು. ಈ ಬೊಟ್ಟಿನ ನಡುವಿನ ಜೀವಕೋಶಗಳೇ ಸುತ್ತಲಿನವಕ್ಕೆ ಬಣ್ಣದ ಆಜ್ಞೆ ಕೊಡುತ್ತವೆ. 1980ರಲ್ಲಿ ನೈಹೌಟ್, ಚಿಟ್ಟೆಯಾಗುವ ಮುಂಚಿನ ಪ್ಯೂಪಾ ಹಂತದಲ್ಲೇ ಆ ನಡುಭಾಗವನ್ನು ಎತ್ತಿ ರೆಕ್ಕೆಯ ಇನ್ನೊಂದು ಕಡೆ ಕೂರಿಸಿದಾಗ ಅಲ್ಲೊಂದು ಹೊಸ ಬೊಟ್ಟು ಮೂಡಿತು. ಹೀಗಾಗಿ ‘ಕಣ್ಬೊಟ್ಟು’ ನನ್ನ ಆಯ್ಕೆ. ಕಣ್ಣಿನ ನೆನಪೂ ಇದೆ, ಇಟ್ಟ ಬೊಟ್ಟು ಅನ್ನುವ ಭಾವವೂ ಇದೆ.

ಮತ್ತೆ ‘ನಂಟಿ’ಗೆ ಬರುತ್ತೇನೆ, ಅಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಹೆಲಿಕೋನಿಯಸ್‌ನ ಕೆಂಪು ಎಲ್ಲಿ ಮೂಡಬೇಕು ಅನ್ನುವುದನ್ನು ಆಪ್ಟಿಕ್ಸ್ ಎಂಬ ಜೀನ್ ನಿರ್ಧರಿಸುತ್ತದೆ ಅಂತ 2011ರಲ್ಲಿ ಗೊತ್ತಾಯಿತು. 2017ರಲ್ಲಿ ಆ ಜೀನನ್ನು ಕೆಡಿಸಿ ನೋಡಿದಾಗ ಕೆಂಪಿದ್ದ ಕಡೆ ಕಪ್ಪಾಯಿತು. ಕಪ್ಪಿನ ಆಕಾರಕ್ಕೆ ಡಬ್ಲ್ಯುಎನ್‌ಟಿಎ ಎಂಬ ಇನ್ನೊಂದು ಜೀನ್. ಬೇರೆ ಬೇರೆ ನಿಂಫಾಲಿಡ್ ಚಿಟ್ಟೆಗಳಲ್ಲಿ ಅದನ್ನು ಕೆಡಿಸಿದರೆ ಮಾಯವಾಗುವುದು ಅದೇ ಜೋಡಿಪಟ್ಟೆ. ಅಡಿನಕ್ಷೆ ಬರೀ ಊಹೆಯಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಎರಾಟೊದಲ್ಲೂ ಮೆಲ್ಪೊಮೆನೆಯಲ್ಲೂ ಕೆಲಸ ಮಾಡುವುದು ಇವೇ ಜೀನ್‌ಗಳು. ಆದರೆ ಒಂದೇ ಥರ ಕಾಣುವ ಎರಾಟೊ, ಮೆಲ್ಪೊಮೆನೆ ಜೋಡಿಗಳಲ್ಲಿ ಡಬ್ಲ್ಯುಎನ್‌ಟಿಎ ಕೆಡಿಸಿದಾಗ ಬಂದ ರೆಕ್ಕೆಗಳು ಒಂದೇ ಥರ ಇರಲಿಲ್ಲ. 2019ರ ಕೆಲಸ ಇದು. ಅಂದರೆ ಜೀನ್‌ಗೆ ಜೀನ್ ನಂಟು. ಚಿತ್ತಾರಕ್ಕೆ ಚಿತ್ತಾರ ಹೋಲಿಕೆ ಮಾತ್ರ. ಹಾಗಾಗಿ ‘ನಂಟು’ ಬಳಸುವಾಗ ಯಾವುದಕ್ಕೆ ಯಾವುದರ ಜೊತೆ ನಂಟು ಅಂತ ಹೇಳದೆ ಬಿಡಬಾರದು.

ಹೋಲಿಕೆಯೂ ಅಲ್ಲದ, ಪೂರ್ತಿ ನಂಟೂ ಅಲ್ಲದ ಮೂರನೆಯದೊಂದಿದೆ. ಆಂಡಿಸ್ ಬೆಟ್ಟಸಾಲಿನ ಟಿಮರೆಟಾ ಎಂಬ ಹೆಲಿಕೋನಿಯಸ್, ಸಿಡ್ನೊಗೆ ತುಂಬಾ ಹತ್ತಿರದ್ದು. ಆದರೆ ಪೆರುವಿನಲ್ಲಿ ಅದು ಮೆಲ್ಪೊಮೆನೆಯಂತೆ ಕೆಂಪು ತಾಳಿದೆ. 2012ರಲ್ಲಿ ಜೀನೋಮ್ ಓದಿದಾಗ ತಿಳಿದದ್ದು, ಆ ಬಣ್ಣದ ಜೀನಿನ ಭಾಗ ಮೆಲ್ಪೊಮೆನೆಯಿಂದಲೇ ಬಂದಿದೆ. ಯಾವಾಗಲೋ ಎರಡೂ ಕೂಡಿ, ಆ ಒಂದು ತುಂಡು ಈ ಕಡೆ ದಾಟಿ ಉಳಿದುಕೊಂಡಿದೆ. ಪದಗಳ ಬಗ್ಗೆ ಆಸಕ್ತಿ ಇರುವ ನಿಮಗೆ ಇದರ ಹೆಸರು ನಾನು ಹೇಳಬೇಕಿಲ್ಲ. ‘ಎರವಲು’. ಭಾಷೆಯಲ್ಲಿ ಎರವಲು ಪದ ಇದ್ದಂತೆ ಇಲ್ಲಿ ಎರವಲು ಬಣ್ಣ. ಈ ಪದವನ್ನು ನಾನು ಬಿಟ್ಟುಕೊಡಲಾರೆ.

ಇನ್ನು ಮಿಮಿಕ್ರಿ, ಅಂದರೆ ಒಂದು ಜೀವಿ ಇನ್ನೊಂದರ ರೂಪ ತಾಳುವುದು. ‘ಅಣಕ’ ಅನ್ನುವುದು ಬಳಕೆಯಲ್ಲಿದೆ. ಅಣಕದಲ್ಲಿ ಗೇಲಿಯಿದೆ. ಚಿಟ್ಟೆ ಯಾರನ್ನೂ ಗೇಲಿ ಮಾಡುತ್ತಿಲ್ಲ. ‘ಅನುಕರಣೆ’ಯಲ್ಲಿ ನೋಡಿ ಕಲಿಯುವ ಭಾವವಿದೆ, ಅದೂ ಇಲ್ಲಿಲ್ಲ. ಜೊತೆಗೆ ಇಲ್ಲಿ ಎರಡು ಬಗೆಗಳಿವೆ. ಇಂಗ್ಲೆಂಡಿನ ನಿಸರ್ಗಶಾಸ್ತ್ರಜ್ಞ ಹೆನ್ರಿ ಬೇಟ್ಸ್ 1848ರಿಂದ 1859ರವರೆಗೆ ಅಮೆಜಾನಿನಲ್ಲಿದ್ದು, 1862ರಲ್ಲಿ ಮೊದಲನೆಯದನ್ನು ವಿವರಿಸಿದರು. ಹಕ್ಕಿಗೆ ರುಚಿಸುವ ಚಿಟ್ಟೆಯೊಂದು, ರುಚಿಸದ ಚಿಟ್ಟೆಯ ಬಣ್ಣ ತಾಳಿ ಬಚಾವಾಗುತ್ತದೆ. ಬಿಳಿ ಚಿಟ್ಟೆಗಳ ಕುಟುಂಬಕ್ಕೆ ಸೇರಿದ ಕೆಲವು, ಹಕ್ಕಿಗೆ ರುಚಿಸದ ಇಥೋಮಿಯ ಎಂಬ ಗುಂಪಿನ ಚಿಟ್ಟೆಗಳ ಬಣ್ಣ ತಾಳಿದ್ದನ್ನು ಅವರು ಕಂಡರು. ಇದು ‘ಸೋಗು’. ಬ್ರೆಜಿಲ್‌ನಲ್ಲಿ ನೆಲೆಸಿದ್ದ ಫ್ರಿಟ್ಜ್ ಮ್ಯುಲರ್ 1879ರ ಹೊತ್ತಿಗೆ ಎರಡನೆಯದನ್ನು ಬಿಡಿಸಿದರು. ಇಲ್ಲಿ ಎರಡೂ ಚಿಟ್ಟೆ ಹಕ್ಕಿಗೆ ರುಚಿಸದವು. ಎಳೆ ಹಕ್ಕಿ ಕಚ್ಚಿ ನೋಡಿಯೇ ಕಲಿಯಬೇಕು. ಎರಡೂ ಒಂದೇ ಬಣ್ಣದಲ್ಲಿದ್ದರೆ ಆ ಪಾಠದ ನಷ್ಟ ಎರಡಕ್ಕೂ ಹಂಚಿಹೋಗುತ್ತದೆ. ಎರಾಟೊ, ಮೆಲ್ಪೊಮೆನೆ ಈ ಬಗೆಯವು. ಎರಡರ ಮೈಯಲ್ಲೂ ಸಯನೈಡ್ ಹೊಮ್ಮಿಸುವ ವಸ್ತುಗಳಿವೆ. ಯಾರೂ ಯಾರಿಗೂ ಮೋಸ ಮಾಡುತ್ತಿಲ್ಲ, ಹಕ್ಕಿಗೂ ಇಲ್ಲ. ಇದನ್ನು ಸೋಗು ಅನ್ನುವುದು ಅನ್ಯಾಯ. ‘ಕೂಡುಗುರುತು’ ಎಂಬ ಪದ ಕಟ್ಟಿದ್ದೇನೆ. ಇದಕ್ಕಿಂತ ಹಗುರವಾದದ್ದು ನಿಮ್ಮಲ್ಲಿದ್ದರೆ ಕೊಡಿ.

ಉಪಪ್ರಭೇದಕ್ಕೆ ಕೆಲವರು ‘ತಳಿ’ ಬರೆಯುತ್ತಾರೆ. ತಳಿ ಅಂದರೆ ಮನುಷ್ಯ ಸಾಕಿ ಬೆಳೆಸಿದ್ದು. ಕಾಡಿನ ಚಿಟ್ಟೆಗೆ ಅದು ಬೇಡ.

ಕೊನೆಯದು, ಇದಕ್ಕೆ ನನ್ನ ಬಳಿ ಒಪ್ಪುವ ಪದವೇ ಇಲ್ಲ. ಅಮೆಜಾನಿನಲ್ಲಿ ಕಿತ್ತಳೆ, ಕಪ್ಪು, ಹಳದಿಯ ಹುಲಿಪಟ್ಟೆ ಚಿತ್ತಾರವೊಂದಿದೆ. ಅದನ್ನು ಇಥೋಮಿಯ ಗುಂಪಿನ ಮೆಲಿನಿಯಾ ತಾಳಿದೆ, ಹೆಲಿಕೋನಿಯಸ್ ನುಮಾಟ ತಾಳಿದೆ, ಬಿಳಿ ಚಿಟ್ಟೆಗಳ ಕುಟುಂಬದವು ತಾಳಿವೆ, ಹಗಲು ಹಾರುವ ಪತಂಗಗಳೂ ತಾಳಿವೆ. ಒಂದೇ ಗುರುತು ಹೊತ್ತ ಇಂಥ ಇಡೀ ಗುಂಪಿಗೆ ಏನನ್ನಬೇಕು? ‘ಹುಲಿಪಟ್ಟೆ ಬಳಗ’ ಅಂತ ಬರೆದಿದ್ದೆ, ಓದಲು ಹಿತವಾಗಿತ್ತು. ಆದರೆ ಬಳಗ ಅಂದ ತಕ್ಷಣ ಬಂಧುಬಳಗ ನೆನಪಾಗುತ್ತದೆ, ಇವು ಬಂಧುಗಳಲ್ಲ ಅನ್ನುವುದೇ ಇಲ್ಲಿನ ಮುಖ್ಯ ಸಂಗತಿ. ‘ಕೂಟ’ ಅಂದರೆ ಎಲ್ಲವೂ ಒಂದೆಡೆ ಸೇರಿ ಕೂತಂತೆ. ‘ಸಾಲು’ ಅನ್ನೋಣವೆಂದರೆ ಕಣ್ಬೊಟ್ಟುಗಳಿಗೆ ಆಗಲೇ ಕೊಟ್ಟಾಗಿದೆ. ನೀವಾದರೆ ಯಾವ ಪದ ಹಾಕುತ್ತೀರಿ?